ಸೊರಗಿದ ಕುದುರೆಯನ್ನು ಮಾಲೀಕನಿಂದ ಬಿಡಿಸಿಕೊಳ್ಳಬೇಕೇ?

ತುಮಕೂರಿನಲ್ಲಿ ಜಟಕಾ ಗಾಡಿಗಳ ಕಾಲ ಹೋಯಿತು, ಕುದುರೆಗಳು ಮಾತ್ರ ಉಳಿದುಕೊಂಡವು. ಮದುವೆ ದಿಬ್ಬಣ, ಸಾರೋಟು, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸುವುದು, ಅವುಗಳ ದುಡಿಮೆ ಈಗ ಇಷ್ಟೇ. ಆಷಾಢ ಬಂದರೆ ಮದುವೆಯಿಲ್ಲ, ಧನುರ್ಮಾಸದಲ್ಲೂ ಇಲ್ಲ. ಬಾಡಿಗೆ ನಿಂತ ದಿನಗಳಲ್ಲಿ ಕೆಲವರು ಕುದುರೆಯನ್ನು ಬೀದಿಗೆ ಬಿಟ್ಟುಬಿಡುತ್ತಾರೆ. ಟಿಪ್ಪು ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಇರುವ ಜಿಲ್ಲೆಯಿದು. ಇಲ್ಲಿಯೇ ಪಕ್ಕೆಲುಬು ಎಣಿಸಬಹುದಾದ ಕುದುರೆ ತಿಪ್ಪೆಯಲ್ಲಿ ಬಾಯಾಡಿಸುತ್ತ ನಿಂತಿರುವುದೂ ಉಂಟು. ಅಂಥ ಕುದುರೆಯನ್ನು ಮಾಲೀಕನ ಕೈಯಿಂದ ಬಿಡಿಸಿ ಬೇರೆಡೆಗೆ ಸಾಗಿಸಬೇಕೇ?

ಪರ: ಶ್ರಾವಣದವರೆಗೆ ಹೊಟ್ಟೆ ಕಾಯುವುದಿಲ್ಲ

ನಡುರಾತ್ರಿ ಹೋಗಿ ಗೂಟದ ಹಗ್ಗ ಬಿಚ್ಚಿಕೊಂಡು ಬರುವವರ ಪರವಾಗಿ ನಾನು ಬರೆಯುತ್ತಿಲ್ಲ. ಎಷ್ಟೇ ಕರುಣೆಯಿಂದ ಮಾಡಿದರೂ ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಕಳ್ಳತನದ ಕೇಸು ಬೀಳಬಹುದು. ನಾನು ಹೇಳುವುದು ಪೊಲೀಸರು, ಪಶುವೈದ್ಯರು, ಮ್ಯಾಜಿಸ್ಟ್ರೇಟರು ಮಾಡಬೇಕಾದ, ಆದರೆ ಮಾಡಲು ಹಿಂದೆಮುಂದೆ ನೋಡುವ ಕೆಲಸದ ಬಗ್ಗೆ.

ಹೋದ ಆಷಾಢದಲ್ಲಿ ಅಂತರಸನಹಳ್ಳಿ ಮಾರುಕಟ್ಟೆಯ ಹಿಂಬದಿ ಒಂದು ಬಿಳಿ ಹೆಣ್ಣುಕುದುರೆ ಕಾಣುತ್ತಿತ್ತು. ಎಸೆದ ಕೋಸಿನ ಎಲೆ, ಕೊಳೆತ ಟೊಮೆಟೊ, ಅದರ ಜೊತೆಗೇ ಪ್ಲಾಸ್ಟಿಕ್ ಕವರು, ಸಿಕ್ಕಿದ್ದನ್ನು ತಿನ್ನುತ್ತಿತ್ತು. ಜೂಲಿನಲ್ಲಿ ಯಾವುದೋ ಮದುವೆಯ ಜರಿ ಪಟ್ಟಿಯ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದನ್ನು ಅಷ್ಟು ಕಣ್ಣಾರೆ ನಾನು ಬೇರೆಲ್ಲೂ ಕಂಡಿಲ್ಲ. ಜೀನು ಕೂರುವ ಜಾಗದಲ್ಲಿ ಅಂಗೈಯಗಲ ಹುಣ್ಣು, ಅದರ ಅಂಚಿಗೆ ಮುತ್ತಿದ ನೊಣ. ತುಟಿಯ ಎರಡೂ ಮೂಲೆ ಸೀಳಿ, ಒಣಗಿ, ಮತ್ತೆ ಸೀಳಿ ಗಟ್ಟಿಯಾಗಿದ್ದವು. ಮುಳ್ಳಿನ ಕಡಿವಾಣ ಹಾಕಿ ಜಗ್ಗಿದ ಬಾಯಿ ಹಾಗಿರುತ್ತದೆ. ಗೊರಸು ಕತ್ತರಿಸದೆ ಮುಂದಕ್ಕೆ ಬೆಳೆದು, ಅದಕ್ಕೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಮಾಲೀಕನನ್ನು ಹುಡುಕಿ ಕೇಳಿದರೆ ಜಗಳಕ್ಕೇನೂ ಬರಲಿಲ್ಲ. "ಆಷಾಢ ಒಂದು ಕಳೀಲಿ ಸಾರ್, ಶ್ರಾವಣದಲ್ಲಿ ಬಾಡಿಗೆ ಸುರುವಾಗ್ತದೆ, ಆಗ ನೋಡ್ಕೊತೀನಿ" ಅಂದ.

ಕುದುರೆಯ ಹೊಟ್ಟೆಗೆ ಈ ಪಂಚಾಂಗ ಗೊತ್ತಿಲ್ಲ. ಹಸುವಾದರೆ ಮೇದು ಬಂದು ಮಲಗಿ ಮೆಲುಕು ಹಾಕುತ್ತದೆ. ಕುದುರೆಯ ಜಠರ ಅದರ ಮೈಗಾತ್ರಕ್ಕೆ ತೀರಾ ಚಿಕ್ಕದು, ಹಗಲು ರಾತ್ರಿಯೆನ್ನದೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರಬೇಕಾದ ಪ್ರಾಣಿ ಅದು. 300 ಕಿಲೊ ತೂಗುವ ತಟ್ಟುವಿಗೂ ದಿನಕ್ಕೆ ಐದಾರು ಕಿಲೊ ಒಣಹುಲ್ಲು ಬೇಕು. ಮೇಲಾಗಿ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಕೊಳೆತದ್ದೋ ಪ್ಲಾಸ್ಟಿಕ್ಕೋ ಒಮ್ಮೆ ಒಳಗೆ ಹೋದರೆ ಬಾಯಿಯಿಂದ ಹೊರಬರುವ ದಾರಿಯಿಲ್ಲ. ಕರುಳು ಕಟ್ಟಿತೆಂದರೆ ನೆಲಕ್ಕೆ ಬಿದ್ದು ಹೊರಳಾಡಿ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಇನ್ನು ಗಾಯದಿಂದ ಧನುರ್ವಾಯು ತಗುಲುವ ಅಪಾಯ ಸಾಕುಪ್ರಾಣಿಗಳಲ್ಲೆಲ್ಲ ಕುದುರೆಗೇ ಹೆಚ್ಚು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಹೊಡೆತ ಬಡಿತಕ್ಕೆ ನಿಲ್ಲುವುದಿಲ್ಲ. ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು, ಹುಣ್ಣಿರುವ ಪ್ರಾಣಿಯನ್ನು ದುಡಿಸುವುದು, ಹಸಿದು ನರಳುತ್ತದೆಂದು ಗೊತ್ತಿದ್ದೂ ಬೀದಿಗೆ ಬಿಡುವುದು, ಎಲ್ಲವೂ ಅದರಲ್ಲಿ ಅಪರಾಧ. ಭಾರ ಎಳೆಯುವ, ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ನಿಯಮಗಳು ಮುಳ್ಳಿನ ಕಡಿವಾಣವನ್ನು ನಿಷೇಧಿಸಿವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತೆಯೇ ಇಲ್ಲ. ಇಷ್ಟೆಲ್ಲ ಬರೆದಿಟ್ಟು ಮೊದಲ ತಪ್ಪಿಗೆ ವಿಧಿಸಿರುವ ದಂಡ 10ರಿಂದ 50 ರೂಪಾಯಿ. ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಇಬ್ಬರು ಮಸಾಲೆ ದೋಸೆ ತಿನ್ನಲೂ ಸಾಲದ ದುಡ್ಡು!

ಹಾಗಾಗಿ ಈ ಕಾಯ್ದೆಯಲ್ಲಿ ಬಿಸಿ ಮುಟ್ಟಿಸುವಂಥದ್ದು ಏನಾದರೂ ಇದ್ದರೆ ಅದು ಪ್ರಾಣಿಯನ್ನು ಬಿಡಿಸಿಕೊಳ್ಳುವ ಅಧಿಕಾರ ಮಾತ್ರ. 34ನೇ ಕಲಮಿನಂತೆ ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಅದನ್ನು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯರ ಮುಂದೆ ತರಬಹುದು. 35ರ ಪ್ರಕಾರ ಅದು ಗುಣವಾಗುವವರೆಗೆ ಚಿಕಿತ್ಸಾಲಯದಲ್ಲೋ ಪಿಂಜರಾಪೋಲಿನಲ್ಲೋ (ಮುದಿ, ರೋಗಿ ಪ್ರಾಣಿಗಳನ್ನು ಸಾಕುವ ಆಶ್ರಯತಾಣ) ಇರಿಸಲು ಆದೇಶ ಮಾಡಬಹುದು. ತಪ್ಪು ಸಾಬೀತಾದರೆ 29ರಡಿ ಒಡೆತನವನ್ನೇ ಕಳೆಯಬಹುದು.

ಬಡವ, ಅವನ ಹೊಟ್ಟೆಯ ಮೇಲೆ ಹೊಡೆಯಬೇಡಿ ಎನ್ನುತ್ತಾರೆ. ಮರಳೂರು ಕಡೆಯ ಒಬ್ಬರನ್ನು ನಾನು ಬಲ್ಲೆ. ಬಾಡಿಗೆಯಿಲ್ಲದ ದಿನ ಕೆರೆಯಂಗಳದಲ್ಲಿ ಹುಲ್ಲು ಕೊಯ್ದು, ಹೊರೆ ಹೊತ್ತು ತಂದು, ಕುದುರೆಯ ಮುಂದೆ ಹಾಕಿದ ಮೇಲೆಯೇ ತಾವು ತಟ್ಟೆ ಹಿಡಿಯುತ್ತಿದ್ದರು. ಅವರೇನೂ ಸಾಹುಕಾರರಲ್ಲ. ಹುಲ್ಲಿಗೆ ದುಡ್ಡಿಲ್ಲದವನು ಮತ್ತು ಹುಲ್ಲು ತರಲು ಮನಸ್ಸಿಲ್ಲದವನು, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲನೆಯವನಿಗೇ ಅವಮಾನ.

ಎಚ್ಚರಿಕೆ ಕೊಡಿ, ಬೇಡವೆಂದವರಾರು? ಆದರೆ 36ನೇ ಕಲಮನ್ನು ಮರೆಯಬೇಡಿ. ಅಪರಾಧ ನಡೆದು ಮೂರು ತಿಂಗಳು ಕಳೆದರೆ ಕೇಸು ಹೂಡುವಂತಿಲ್ಲ. ಇವತ್ತು ತಿಳಿಹೇಳಿ, ನಾಳೆ ಬುದ್ಧಿಹೇಳಿ, ಶ್ರಾವಣ ಬರಲಿ ನೋಡೋಣ ಎಂದು ಕೂತರೆ ಅವಧಿ ಮುಗಿದಿರುತ್ತದೆ, ಕೆಲವೊಮ್ಮೆ ಕುದುರೆಯೂ. ಒಂದು ವಾರ ಸಮಯ ಕೊಡಿ. ಬೀದಿಯಲ್ಲೇ ನಿಂತಿದ್ದರೆ ಬಿಡಿಸಿಕೊಳ್ಳಿ.

ವಿರೋಧ: ಬಿಡಿಸಿಕೊಂಡು ಎಲ್ಲಿ ಕಟ್ಟುತ್ತೀರಿ?

ಪಶುಪಾಲನಾ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಮಧುಗಿರಿ, ಶಿರಾ, ಕೊನೆಗೆ ತುಮಕೂರು. ದನ, ಎಮ್ಮೆ, ಕುರಿ ನೋಡಿದಷ್ಟು ಕುದುರೆ ನೋಡಲಿಲ್ಲ. ಜೊತೆಗೆ ದುಡಿದ ಹೆಚ್ಚಿನವರ ಕಥೆಯೂ ಅಷ್ಟೇ. ನನ್ನ ಆಕ್ಷೇಪ ಶುರುವಾಗುವುದೇ ಇಲ್ಲಿಂದ.

ಕುದುರೆಯನ್ನು ಬಿಡಿಸಿಕೊಂಡಿರಿ ಎಂದೇ ಇಟ್ಟುಕೊಳ್ಳೋಣ. ಸಂಜೆಯಾಗಿದೆ, ಟಾಟಾ ಏಸ್ ಗಾಡಿಯಲ್ಲಿ ಅದು ನಡುಗುತ್ತ ನಿಂತಿದೆ, ಫೋಟೊ ತೆಗೆದವರು ಮನೆಗೆ ಹೋಗಿದ್ದಾರೆ. ಡ್ರೈವರ್ ಕೇಳುತ್ತಾನೆ, "ಎಲ್ಲಿಗಣ್ಣ?" ಗೋಶಾಲೆಗೆ ಒಯ್ದರೆ ಅಲ್ಲಿನವರು, "ಇದು ಹಸುಗಳಿಗೆ ಮಾಡಿರೋದು ಸ್ವಾಮಿ, ನಾಳೆ ಯಾರಿಗಾದ್ರೂ ಒದ್ರೆ ಯಾರು ಹೊಣೆ?" ಅನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ದನಕ್ಕೆ ಹಾಕುವ ಒರಟು ರಾಗಿ ಹುಲ್ಲನ್ನೇ ಇದಕ್ಕೂ ಹಾಕಿ, ನೀರು ಕಡಿಮೆ ಬಿದ್ದರೆ ಅಲ್ಲಿಯೂ ಕರುಳು ಕಟ್ಟುತ್ತದೆ. ದನಕ್ಕೂ ಕೋಳಿಗೂ ಮಾಡಿದ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಗೆ ವಿಷ. ಬೆಂಗಳೂರಿಗೆ ಒಯ್ಯೋಣವೆಂದರೆ 70 ಕಿಲೊಮೀಟರ್ ಹೆದ್ದಾರಿ. ಕಾಲಲ್ಲಿ ತ್ರಾಣವಿಲ್ಲದ ಕುದುರೆ ಗಾಡಿಯಲ್ಲಿ ಬಿದ್ದರೆ ಎಬ್ಬಿಸಿ ನಿಲ್ಲಿಸುವುದು ನಾಲ್ಕು ಜನರ ಕೈಯಲ್ಲೂ ಆಗದು.

ಇನ್ನೊಂದು ಅಪಾಯ ಕರುಣೆಯಿಂದಲೇ ಬರುವಂಥದ್ದು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಹುಕಾಲ ಹಸಿದ ಕುದುರೆ ಕಂಡೊಡನೆ ನಮ್ಮ ಜನ ಮಾಡುವ ಮೊದಲ ಕೆಲಸ ಬಕೆಟ್ ತುಂಬ ನೆನೆಸಿದ ಹುರುಳಿ, ಬೂಸಾ, ಬೆಲ್ಲ ತಂದಿಡುವುದು. ಕುದುರೆಯೂ ಆಸೆಯಿಂದ ತಿನ್ನುತ್ತದೆ. ಹಸಿವಿನಲ್ಲಿ ತನ್ನ ಕೊಬ್ಬು, ಮಾಂಸವನ್ನೇ ಕರಗಿಸಿಕೊಂಡು ಬದುಕಿದ್ದ ಮೈಗೆ ಒಮ್ಮೆಲೇ ಪಿಷ್ಟ, ಸಕ್ಕರೆ ಸೇರಿದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಸೆಳೆದುಹೋಗಿ ರಕ್ತದಲ್ಲಿ ಅವುಗಳ ಕೊರತೆಯಾಗುತ್ತದೆ. ಹೃದಯ, ಉಸಿರಾಟ ಕೈಕೊಡುತ್ತವೆ. ತಿನ್ನಿಸಿದ ಕೆಲವೇ ದಿನಗಳಲ್ಲಿ ಕುದುರೆ ಸಾಯುತ್ತದೆ, ತಿನ್ನಿಸಿದವರು ಹಸಿವಿನಿಂದಲೇ ಸತ್ತಿತೆಂದು ಮಾಲೀಕನನ್ನು ಬೈಯುತ್ತಾರೆ. ಬಲ್ಲವರು ಮಾಡುವುದು ಬೇರೆ. ಕುದುರೆ ಮಸಾಲೆ ಸೊಪ್ಪಿನಂಥ ಒಳ್ಳೆಯ ಒಣಮೇವನ್ನು ಹಿಡಿಯಷ್ಟಿಷ್ಟೇ, ನಾಲ್ಕಾರು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಹಾಕಬೇಕು. ಪೂರ್ತಿ ಹೊಟ್ಟೆಗೆ ಬರಲು ಹತ್ತು ದಿನವಾದರೂ ಬೇಕು. ಧಾನ್ಯದ ಮಾತು ಅದಾದ ಮೇಲೆ. ಇಷ್ಟು ಜಾಗರಣೆ ಮಾಡುವವರು ಸಿಕ್ಕಿದ್ದಾರೆಯೇ ಎಂದು ಬಿಡಿಸಿಕೊಳ್ಳುವ ಮೊದಲು ಕೇಳಬೇಕು, ಆಮೇಲಲ್ಲ.

ಗ್ಲಾಂಡರ್ಸ್ ಬೇರೆ ಇದೆ. ಕುದುರೆಯಿಂದ ಮನುಷ್ಯನಿಗೂ ಅಂಟಬಲ್ಲ, ಹೆಸರಿಸಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ರಕ್ತ ಪರೀಕ್ಷೆಯಲ್ಲಿ ಖಚಿತವಾದರೆ ದಯಾಮರಣವೇ ಗತಿ. ಹಿನ್ನೆಲೆ ಗೊತ್ತಿಲ್ಲದ ಕುದುರೆಯನ್ನು ಪರೀಕ್ಷೆಯಿಲ್ಲದೆ ಬೇರೆ ಕುದುರೆಗಳ ನಡುವೆ ಕಟ್ಟುವುದು ತಿಳಿದವರ ಕೆಲಸವಲ್ಲ.

ಕಾನೂನಿಗೆ ಬರೋಣ. 29ನೇ ಕಲಮನ್ನು ಉತ್ಸಾಹದಿಂದ ಉದ್ಧರಿಸುವವರು ಅದರ ಎರಡನೇ ಉಪಕಲಮನ್ನೂ ಓದಲಿ. ಪ್ರಾಣಿ ಮಾಲೀಕನ ಬಳಿಯೇ ಉಳಿದರೆ ಮತ್ತೆ ಹಿಂಸೆಗೆ ಗುರಿಯಾದೀತು ಎಂಬುದಕ್ಕೆ ಸಾಕ್ಷ್ಯವಿಲ್ಲದೆ ಒಡೆತನ ಕಳೆಯುವಂತಿಲ್ಲ. 35ರಲ್ಲಿ ಸಾಗಣೆ, ಮೇವು, ಚಿಕಿತ್ಸೆಯ ಖರ್ಚನ್ನು ಮಾಲೀಕನೇ ಕೊಡಬೇಕೆಂದಿದೆ, ಬಡವನಾದರೆ ಚಿಕಿತ್ಸೆಯ ಹಣವನ್ನು ಮ್ಯಾಜಿಸ್ಟ್ರೇಟರು ಮನ್ನಾ ಮಾಡಬಹುದೆಂದೂ ಇದೆ. ಮನ್ನಾ ಆದದ್ದನ್ನು ಕಟ್ಟುವವರು ಯಾರು? ಕೇಸು ಎಳೆದಾಡುವಷ್ಟು ಕಾಲ ಕುದುರೆ ತಿನ್ನುತ್ತಲೇ ಇರುತ್ತದೆ. ಇಪ್ಪತ್ತೈದು ವರ್ಷ ಬದುಕಬಲ್ಲ ಪ್ರಾಣಿ ಅದು. ಪ್ರತಿ ಜಿಲ್ಲೆಯಲ್ಲಿ ಪ್ರಾಣಿದಯಾ ಸಂಘ, ಅದಕ್ಕೆ ಜಾಗ, ಪೂರ್ಣಾವಧಿ ಪಶುವೈದ್ಯ ಇರಬೇಕೆಂದು 2001ರ ನಿಯಮಗಳೇ ಹೇಳಿವೆ. ಮೊದಲು ಅಲ್ಲಿ ನಾಲ್ಕು ಕುದುರೆ ನಿಲ್ಲುವ ಒಂದು ಲಾಯ ಕಟ್ಟಿಸಿ.

ಇಷ್ಟಾದರೂ ಉಳಿಯುವ ಪ್ರಶ್ನೆ, ಕುದುರೆ ಕಳೆದುಕೊಂಡವನು ಮುಂದೇನು ಮಾಡುತ್ತಾನೆ? ಸಾಲ ಮಾಡಿ ಇನ್ನೊಂದು ತರುತ್ತಾನೆ. ಅಗ್ಗಕ್ಕೆ ಸಿಗುವುದು ಮುದಿಯೋ ಕುಂಟೋ. ಸಾಲದ ಬಡ್ಡಿಯನ್ನೂ ಅದೇ ಎಳೆಯಬೇಕು.

ಕೈರೋದಲ್ಲಿ ನಡೆದದ್ದೊಂದನ್ನು ಇಲ್ಲಿ ಹೇಳಬೇಕು. 1930ರಲ್ಲಿ ಡೊರೋಥಿ ಬ್ರೂಕ್ ಎಂಬ ಇಂಗ್ಲಿಷ್ ಹೆಂಗಸು ಅಲ್ಲಿಗೆ ಹೋದಾಗ, ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಮಾರಿಹೋದ ಕುದುರೆಗಳು ಗಾಡಿ ಎಳೆಯುತ್ತ ಮೂಳೆ ಚಕ್ಕಳವಾಗಿದ್ದವು. ಆಕೆ ಪತ್ರಿಕೆಗೆ ಬರೆದು ಹಣ ಕೂಡಿಸಿ, ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. ಗಮನಿಸಿ, ಕಿತ್ತುಕೊಳ್ಳಲಿಲ್ಲ, ದುಡ್ಡು ಕೊಟ್ಟು ಕೊಂಡರು. ಹೆಚ್ಚಿನವು ಎಷ್ಟು ಸವೆದಿದ್ದವೆಂದರೆ ನೋವಿಲ್ಲದ ಸಾವು ಕೊಡುವುದೊಂದೇ ಉಳಿದಿತ್ತು. ಕೊಳ್ಳುತ್ತ ಹೋದರೆ ಇದಕ್ಕೆ ಕೊನೆಯಿಲ್ಲವೆಂದು ಕಂಡೇ ಇರಬೇಕು, 1934ರಲ್ಲಿ ಆಕೆ ಅಲ್ಲಿಯೇ ಆಸ್ಪತ್ರೆ ತೆರೆದು ದುಡಿಯುವ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಶುರುಮಾಡಿದರು. ನಮ್ಮಲ್ಲೇ ನೋಡಿ, ಮುಂಬೈಯ ವಿಕ್ಟೋರಿಯಾ ಕುದುರೆ ಗಾಡಿಗಳ ಮೋಜಿನ ಸವಾರಿಯನ್ನು 2015ರಲ್ಲಿ ಬಾಂಬೆ ಹೈಕೋರ್ಟ್ ಅಕ್ರಮವೆಂದಾಗ, ನಿಲ್ಲಿಸಲು ಒಂದು ವರ್ಷ ಕೊಟ್ಟಿತು, ಅದನ್ನೇ ನಂಬಿದ್ದ ಕುಟುಂಬಗಳ ಪುನರ್ವಸತಿಯನ್ನೂ ಸರ್ಕಾರ ನೋಡಬೇಕೆಂದಿತು.

ಆ ಬಿಳಿ ಕುದುರೆಯಂಥದಕ್ಕೆ ನಾನಾದರೆ ಮಾಡುವುದು ಇಷ್ಟು. ಹುಣ್ಣು ಮಾಗುವವರೆಗೆ ಜೀನು ಹಾಕುವಂತಿಲ್ಲವೆಂದು ಠಾಣೆಯಲ್ಲಿ ಬರೆಸಿಕೊಳ್ಳುವುದು, ಕಡಿವಾಣವನ್ನು ಅಲ್ಲಿಯೇ ಜಪ್ತಿ ಮಾಡುವುದು. 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಿ ಧನುರ್ವಾಯು ಚುಚ್ಚುಮದ್ದು, ಗಾಯದ ಆರೈಕೆ. ಲಾಳ ಕಟ್ಟುವವರು ಊರಲ್ಲಿ ಅಪರೂಪವಾಗಿದ್ದಾರೆ, ಹುಡುಕಿ ತಂದು ಗೊರಸು ಕತ್ತರಿಸಿಸುವುದು. ಬಿಡಿಸಿಕೊಂಡು ಸಾಗಿಸುವ ದುಡ್ಡಿನಲ್ಲಿ ಆಷಾಢಕ್ಕಾಗುವಷ್ಟು ಹುಲ್ಲು ಬರುತ್ತದೆ, ಅದನ್ನು ಅವನ ಹಿತ್ತಲಲ್ಲೇ ಒಟ್ಟಿಸುವುದು. ಮೂರು ದಿನಕ್ಕೊಮ್ಮೆ ಹೋಗಿ ನೋಡುವುದು. ಆ ಹುಲ್ಲನ್ನೂ ಮಾರಿಕೊಂಡನೆಂದರೆ 29ನೇ ಕಲಮು ಕೇಳುವ ಸಾಕ್ಷ್ಯ ಸಿಕ್ಕಿತು, ಆಗ ನನ್ನ ತಕರಾರಿಲ್ಲ.

50 ರೂಪಾಯಿ ದಂಡಕ್ಕೆ ಯಾರೂ ಹೆದರುವುದಿಲ್ಲ, ಒಪ್ಪುತ್ತೇನೆ. ಆದರೆ ಮಾಲೀಕ ಹೆದರುವವರು ಒಬ್ಬರಿದ್ದಾರೆ, ಅವರ ಸುದ್ದಿಯನ್ನು ಪರ ವಾದಿಸುವವರೂ ಎತ್ತುವುದಿಲ್ಲ. ಡಿಜೆ ಸದ್ದಿನ ನಡುವೆ ಆ ಕುದುರೆಯ ಮೇಲೆ ಮದುಮಗನನ್ನು ಕೂರಿಸಿ ಕಳಿಸಿದ ಮನೆಯವರು. ಹುಣ್ಣು ಜೀನಿನ ಕೆಳಗಿತ್ತು, ಅದರ ಮೇಲೆ ಮಖಮಲ್ಲು ಹೊದಿಸಿತ್ತು, ಯಾರೂ ಎತ್ತಿ ನೋಡಲಿಲ್ಲ. ಮುಂಗಡ ಕೊಡುವ ಮೊದಲು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಒಬ್ಬರು ಕುದುರೆ ಕಟ್ಟಿದಲ್ಲಿಗೆ ಹೋಗಿ, "ಜೀನು ತೆಗಿಯಪ್ಪಾ, ಬೆನ್ನು ನೋಡೋಣ" ಅನ್ನಲಿ. ಶ್ರಾವಣದ ಮೊದಲ ಬಾಡಿಗೆ ಹುಣ್ಣಿನ ಕಾರಣಕ್ಕೆ ಕೈತಪ್ಪಿದರೆ, ಮರುವರ್ಷದ ಆಷಾಢದಲ್ಲಿ ಅವನೇ ಹುಲ್ಲು ತಂದು ಹಾಕುತ್ತಾನೆ.