ರಿಂಕು ಸಿಂಗ್ ಮೇಜರ್ ಲೀಗ್‌ನಲ್ಲಿ ಆಡಿಲ್ಲ

‘ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಡಿದ ಮೊದಲ ಭಾರತೀಯ ರಿಂಕು ಸಿಂಗ್’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಮೇಜರ್ ಲೀಗ್ ಎಂದರೆ ಅಲ್ಲಿನ ಅತ್ಯುನ್ನತ ಹಂತದ ಬೇಸ್‌ಬಾಲ್. (ಕ್ರಿಕೆಟಿಗ ರಿಂಕು ಸಿಂಗ್ ಬೇರೆ.)

ಉತ್ತರ ಪ್ರದೇಶದ ಈ ಜಾವೆಲಿನ್ ಪಟು 2008ರಲ್ಲಿ ಬೇಸ್‌ಬಾಲ್ ಎಸೆಯುವ ಟಿ.ವಿ. ಸ್ಪರ್ಧೆಯೊಂದನ್ನು ಗೆದ್ದು, ಅದೇ ಸ್ಪರ್ಧೆಯ ದಿನೇಶ್ ಪಟೇಲ್ ಜೊತೆಗೆ ಮೇಜರ್ ಲೀಗ್ ತಂಡವಾದ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ದು ನಿಜ. ಆದರೆ ಲೀಗ್ ದಾಖಲೆಗಳ ಪ್ರಕಾರ, 2009ರಿಂದ 2012ರವರೆಗೆ ಅವರು ಆಡಿದ್ದು ಪೈರೇಟ್ಸ್‌ನ ಕೆಳಹಂತದ ಮೈನರ್ ಲೀಗ್ ತಂಡಗಳಲ್ಲಿ. ಮೊದಲ ಎಸೆತಗಾರ ದಣಿದಾಗ ನಡುವೆ ಬಂದು ಚೆಂಡು ಕೈಗೆತ್ತಿಕೊಳ್ಳುವ ಎಡಗೈ ರಿಲೀಫ್ ಪಿಚರ್ ಅವರು. ಏರಿದ ಕೊನೆಯ ಮೆಟ್ಟಿಲು ವೆಸ್ಟ್ ವರ್ಜೀನಿಯಾ ಪವರ್ ಎಂಬ ಮೈನರ್ ಲೀಗ್ ತಂಡ. ಆಮೇಲೆ ಗಾಯಗಳು ಬೆನ್ನುಬಿಡಲಿಲ್ಲ. ಬೇಸ್‌ಬಾಲನ್ನೇ ಕಾಣದಿದ್ದ ಹುಡುಗ ಅಷ್ಟು ದೂರ ನಡೆದದ್ದೇ ದೊಡ್ಡ ಸಾಧನೆ, ಅದಕ್ಕೆ ಸುಳ್ಳಿನ ಆಸರೆ ಬೇಡ. ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ.