ಎತ್ತರ ಒಂದೇ ಕಾರಣವಲ್ಲ
ನಮ್ಮ ಕಲಬುರಗಿಯ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಈ ಸಲ ಸೋತಿದ್ದು ಎತ್ತರ ಕಡಿಮೆ ಇದ್ದುದಕ್ಕೆ ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ಮೂರು ಕ್ವಾರ್ಟರ್‌ವರೆಗೂ (ಆಟದ ಮುಕ್ಕಾಲು ಭಾಗ) ಆಟ ಸಮಸಮ ಇತ್ತು. ಕೈತಪ್ಪಿದ್ದು ಕೊನೆಯ 10 ನಿಮಿಷದಲ್ಲಿ. ಆಡುತ್ತಿದ್ದವರ ಬದಲಿಗೆ ಇಳಿಸಲು ಇದ್ದವರು ಇಬ್ಬರೇ. ಒಬ್ಬಳಿಗೆ 5 ಫೌಲ್ (ನಿಯಮ ಮೀರಿದ ತಪ್ಪು) ಆದರೆ ಅವಳು ಹೊರಗೆ ಹೋಗಬೇಕು, ಆ ಭಯಕ್ಕೆ ಡಿಫೆನ್ಸ್‌ನಲ್ಲಿ ಕೈ ಚಾಚಲೂ ಹಿಂಜರಿದರು. ರಿಬೌಂಡ್‌ಗೆ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯೋದಕ್ಕೆ) ಎತ್ತರ ಬೇಕು ನಿಜ, ಆದರೆ ಎದುರಾಳಿಯನ್ನು ಬೆನ್ನ ಹಿಂದೆ ತಡೆದು ಜಾಗ ಹಿಡಿಯೋದು ಅದಕ್ಕಿಂತ ಮುಖ್ಯ. ಅದನ್ನು ಇವರು ಎಷ್ಟು ಚೆನ್ನಾಗಿ ಮಾಡಿದರು! ಚೆಂಡು ಮುಂದಕ್ಕೆ ತಂದು ಆಟ ನಡೆಸುವ ಆ ಪಾಯಿಂಟ್ ಗಾರ್ಡ್ ಹುಡುಗಿಯಂತೂ ಒಂದು ನಿಮಿಷ ಕೂಡ ಕೂರಲಿಲ್ಲ. ನಮ್ಮಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಕಾಂಕ್ರೀಟ್ ಮೇಲೆ ಅಭ್ಯಾಸ ಮಾಡಿದರೆ ಮೊಣಕಾಲು ಏನಾಗಬೇಕು? ಸಂಜೆ ಹೊತ್ತು ಒಳಾಂಗಣ ಕೋರ್ಟ್ ಕೊಡಿ. ಹೊಸ ಹುಡುಗಿಯರನ್ನು ಕಾಲೇಜು ಶುರುವಾದ ವಾರವೇ ತಂಡಕ್ಕೆ ಸೇರಿಸಿಕೊಳ್ಳಿ.