ಅವರು ಹೇಳಿದ್ದು ಆ ಅರ್ಥದಲ್ಲಲ್ಲ

ಇದನ್ನು ಬರೆಯೋಕೆ ತುಂಬಾ ದಿನ ಹಿಂದೆಮುಂದೆ ನೋಡಿದೆ.

ಕಳೆದ ಚುನಾವಣೆ ಹೊತ್ತಿಗೆ ಕೊಡಗಿನ ನಮ್ಮೂರ ಹತ್ತಿರ ಒಂದು ಪ್ರಚಾರ ಸಭೆ ನಡೆಯಿತು. ನಾನು ಮೆಚ್ಚುವ ನಾಯಕರು ಬಂದಿದ್ದರು. ಹೆಸರು, ಪಕ್ಷ ಬೇಡ. ಹೇಳಿದರೆ ಅರ್ಧ ಜನ ಇಲ್ಲಿಗೇ ಓದೋದು ನಿಲ್ಲಿಸುತ್ತೀರಿ. ಎದೆ ತಟ್ಟಿಕೊಂಡು ಹೇಳಿದರು: "ನಾವು ಬಂದ ಮೇಲೆ ಈ ಭಾಗದಲ್ಲಿ ಆನೆಗೆ ಒಂದೇ ಒಂದು ಜೀವ ಬಲಿಯಾಗಿಲ್ಲ." ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅದಕ್ಕೆ ಮೂರೇ ತಿಂಗಳ ಹಿಂದೆ ಪಕ್ಕದ ತೋಟದಲ್ಲಿ, ಬೆಳಿಗ್ಗೆ ಕಾಫಿ ಕುಯ್ಯೋಕೆ ಹೊರಟ ಕೆಲಸದವರೊಬ್ಬರನ್ನು ಒಂಟಿ ಸಲಗ ತುಳಿದು ಹಾಕಿತ್ತು. ಅವರಿದ್ದ ಲೈನ್‌ಮನೆ, ಅಂದರೆ ತೋಟದ ಕೆಲಸದವರ ಸಾಲುಮನೆ, ಅಲ್ಲಿಂದ ಕೂಗಳತೆ ದೂರ. ಟಾರ್ಪಾಲಿನಲ್ಲಿ ಸುತ್ತಿ ಜೀಪಿಗೆ ಎತ್ತುವಾಗ ಕಾಲಿನ ಕಡೆ ಹಿಡಿದವನು ನಾನು. ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು.

ಸಭೆಯಿಂದ ವಾಪಸ್ ಬರುವಾಗ ಮಗಳು ಕೇಳಿದಳು, "ಅಪ್ಪಾ, ಆ ಲೈನ್‌ಮನೆ ಅಣ್ಣ ಸತ್ತಿದ್ದು ಆನೆ ತುಳಿದೇ ಅಲ್ವಾ?"

"ಅವರು ಹೇಳಿದ್ದು ಆ ಅರ್ಥದಲ್ಲಲ್ಲ" ಅಂದೆ.

"ಮತ್ತೆ ಯಾವ ಅರ್ಥದಲ್ಲಿ?"

ಉತ್ತರ ಹೊಳೆಯಲಿಲ್ಲ. "ಏನೇ ಆಗಲಿ, ನೇರ ಮನುಷ್ಯ. ಒಳಗೊಂದು ಹೊರಗೊಂದು ಇಲ್ಲ" ಅಂದುಬಿಟ್ಟೆ.

ಆ 'ನೇರ ಮನುಷ್ಯ' ಅನ್ನೋ ಮಾತು ಆಮೇಲೆ ನನ್ನನ್ನು ಬಿಡಲಿಲ್ಲ. ಹೆಣ ಹೊತ್ತವನಿಗೇ ಆ ಸುಳ್ಳು ಪ್ರಾಮಾಣಿಕ ಅನ್ನಿಸಿದ್ದು ಹೇಗೆ?

2018ರಲ್ಲಿ ಆಲಿವರ್ ಹಾಲ್ ಮತ್ತು ಅವರ ಜೊತೆಗಿನ ಇಬ್ಬರು ಅಮೆರಿಕದಲ್ಲಿ ಇದೇ ವಿಷಯದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಭೂಮಿ ಬಿಸಿಯಾಗುತ್ತಿರುವುದು ಚೀನಾದವರು ಕಟ್ಟಿದ ಕತೆ ಅಂತ ಟ್ರಂಪ್ ಹೇಳಿದ್ದರಲ್ಲ, ಅದು ಇದ್ದ ಹಾಗೆ ನಿಜವಲ್ಲ ಅಂತ ಅವರ ಬೆಂಬಲಿಗರಲ್ಲಿ ಎಷ್ಟೋ ಜನಕ್ಕೆ ಗೊತ್ತಿತ್ತು. ಆದರೆ ಅದನ್ನು ದೊಡ್ಡವರಿಗೆ ಹಾಕಿದ ಸವಾಲು ಅಂತ ತೆಗೆದುಕೊಂಡರು. ವ್ಯವಸ್ಥೆ ನಮ್ಮನ್ನು ಕೈಬಿಟ್ಟಿದೆ ಅನ್ನುವ ಸಿಟ್ಟು ಇದ್ದವರಿಗೆ, ರಾಜಾರೋಷವಾಗಿ ಸುಳ್ಳು ಹೇಳುವವನೇ ನಮ್ಮವನು ಅನ್ನಿಸುತ್ತಾನೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಟ್ರಂಪ್ ಅವರ ಮೊದಲ ನಾಲ್ಕು ವರ್ಷದಲ್ಲಿ 30,573 ಸುಳ್ಳು ಅಥವಾ ದಾರಿತಪ್ಪಿಸುವ ಮಾತು ಎಣಿಸಿತ್ತು. ಆದರೂ 2020ರಲ್ಲಿ ಅವರಿಗೆ 7.4 ಕೋಟಿ ಓಟು ಬಿತ್ತು.

ನನ್ನೊಳಗೂ ಆ ಸಿಟ್ಟಿತ್ತು. ಆನೆ ಮುರಿದ ಗಿಡಗಳ ಪರಿಹಾರಕ್ಕೆ ಅಲೆದು ಅಲೆದು ಸಾಕಾಗಿತ್ತು. ನಮ್ಮ ಪರವಾಗಿ ಒಬ್ಬ ಗಟ್ಟಿಯಾಗಿ ಗುಡುಗಿದಾಗ ಗಟ್ಟಿ ಮಾತನ್ನೇ ದಿಟದ ಮಾತು ಅಂದುಕೊಂಡೆ. ರಾಬರ್ಟ್ ಟ್ರಿವರ್ಸ್ ಅನ್ನೋ ಜೀವವಿಜ್ಞಾನಿ 1976ರಲ್ಲೇ ಹೇಳಿದ್ದಾರೆ: ಇನ್ನೊಬ್ಬರನ್ನು ಚೆನ್ನಾಗಿ ಮೋಸ ಮಾಡಬೇಕಾದರೆ ಮೊದಲು ತನ್ನನ್ನೇ ಮೋಸ ಮಾಡಿಕೊಳ್ಳುವುದು ಅನುಕೂಲ. ತನ್ನ ಸುಳ್ಳನ್ನು ತಾನೇ ನಂಬಿದವನ ದನಿ ನಡುಗುವುದಿಲ್ಲ. ನಾವು ಆ ನಡುಗದ ದನಿಗೆ ಮಾರುಹೋಗುತ್ತೇವೆ.

ಅಕ್ಕನ ಗಂಡ, ನಮ್ಮ ಭಾವ, ಎದುರು ಪಕ್ಷದವರು. ಅವರ ನಾಯಕರ ಸುಳ್ಳು ಮಾತ್ರ ನನಗೆ ಪಟಪಟ ಅಂತ ಕಾಣುತ್ತಿತ್ತು. ನಮ್ಮ ಒಕ್ಕಕ್ಕೂ (ಮನೆತನಕ್ಕೂ) ಅಕ್ಕನನ್ನು ಕೊಟ್ಟ ಒಕ್ಕಕ್ಕೂ ಒಮ್ಮೆ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿಯಲ್ಲಿ ಪಂದ್ಯ ಬಿದ್ದಿತ್ತು. ಗೋಲಿನ ಮುಂದಿನ ಡಿ ಗೆರೆಯೊಳಗೆ ಚೆಂಡು ಅವರ ಹುಡುಗನ ಕಾಲಿಗೆ ತಗುಲಿತು, ಪೆನಾಲ್ಟಿ ಕಾರ್ನರ್ ಕೊಡಬೇಕಿತ್ತು ಅಂತ ನಾನು. ಸ್ಟಿಕ್‌ಗೆ ತಾಗಿದ್ದು ಅಂತ ಭಾವ. ರಾತ್ರಿ ಮೊಬೈಲಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ನನಗೆ ಕಾಲೇ ಕಂಡಿತು, ಅವರಿಗೆ ಸ್ಟಿಕ್ಕೇ ಕಂಡಿತು. ಅಮೆರಿಕದಲ್ಲಿ 1951ರ ಪ್ರಿನ್ಸ್‌ಟನ್–ಡಾರ್ಟ್‌ಮೌತ್ ಫುಟ್‌ಬಾಲ್ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನವರಿಗೆ ತೋರಿಸಿದಾಗಲೂ ಹೀಗೇ ಆಗಿತ್ತು. ಡಾರ್ಟ್‌ಮೌತ್ ತಂಡದ ತಪ್ಪುಗಳು ಸ್ವಂತ ಹುಡುಗರಿಗೆ ಕಂಡದ್ದಕ್ಕಿಂತ ಪ್ರಿನ್ಸ್‌ಟನ್ ಹುಡುಗರಿಗೆ ಎರಡು ಪಟ್ಟಿಗೂ ಜಾಸ್ತಿ ಕಂಡವು.

ಹಾಕಿ ಜಗಳ ಅವತ್ತೇ ಮುಗಿಯಿತು. ರಾಜಕೀಯದ್ದು ಮುಗಿಯಲಿಲ್ಲ. ಕೊಡಗಿಗೆ ಇಂಥ ಜಗಳ ಹೊಸದೇನಲ್ಲ. ಆಗ ಬೇರೆ ರಾಜ್ಯವಾಗಿದ್ದ ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಅಂತ 1952ರ ಚುನಾವಣೆಯಲ್ಲಿ ಕಾಂಗ್ರೆಸ್ ಒಂದು ಕಡೆ, ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ಇನ್ನೊಂದು ಕಡೆ. ನಮ್ಮಜ್ಜ ತಕ್ಕಡಿ, ಅಜ್ಜಿಯ ತವರು ಕಾಂಗ್ರೆಸ್. ಆದರೂ ಸುಗ್ಗಿ ಹಬ್ಬ ಪುತ್ತರಿಯ ಊಟ ಒಟ್ಟಿಗೇ ಆಗುತ್ತಿತ್ತಂತೆ. ಹೋದ ಪುತ್ತರಿಗೆ ಭಾವ ಬಂದರು, ಕದಿರು ತೆಗೆಯುವಾಗ ಎಲ್ಲರ ಜೊತೆ "ಪೊಲಿ ಪೊಲಿ ದೇವಾ" ಅಂದರು, ಹಬ್ಬದ ಸಿಹಿ ತಂಬುಟ್ಟು ಮುಟ್ಟದೆ ಹೊರಟುಹೋದರು. ಅಕ್ಕ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು.

ನನ್ನ ನಾಯಕರ ಸುಳ್ಳನ್ನು ಸುಳ್ಳು ಅನ್ನಬೇಕಾದವನು ನಾನೇ. ಎದುರು ಪಕ್ಷದವರು ನೂರು ಸಲ ಅಂದರೂ ನಾಯಕರಿಗೆ ತಾಗುವುದಿಲ್ಲ, ಓಟು ಹಾಕುವ ನಾನು ಅಂದರೆ ತಾಗುತ್ತದೆ. ಮುಂದಿನ ಸಲವೂ ಬಹುಶಃ ಅವರಿಗೇ ಓಟು ಹಾಕುತ್ತೇನೆ. ಆದರೆ ಆನೆ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳು. ಇದನ್ನು ಭಾವನಿಗೂ ಫೋನ್ ಮಾಡಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕಡೆ ಮಳೆ ಎಷ್ಟು ಇಂಚಾಯ್ತು?" ಅಂತ ಕೇಳಿದರು.

ಮೊನ್ನೆ ಆ ಲೈನ್‌ಮನೆಗೂ ಹೋಗಿದ್ದೆ. ತೀರಿಹೋದವರ ಹೆಂಡತಿ ಕರಿಕಾಫಿ ಕೊಟ್ಟರು. ಆ ಸಭೆಯಲ್ಲಿ ನಾನು ಚಪ್ಪಾಳೆ ತಟ್ಟಬಾರದಿತ್ತು ಅಂದೆ.

"ನೋಡಿದೆ ಸಾವ್ಕಾರ್ರೆ" ಅಂದರು. "ನಮ್ಮನ್ನೂ ಪಿಕಪ್‌ನಲ್ಲಿ ಕರ್ಕೊಂಡು ಬಂದಿದ್ರು. ನಿಮ್ಮ ಹಿಂದೆನೇ ನಿಂತಿದ್ದೆ."